ಲಾ ಓದಿದ ಲೈಬ್ನಿಜ್

ನಮ್ಮ ಕ್ಯಾಂಪಸ್ಸಿನಲ್ಲಿ ಲೈಬ್ನಿಜ್ ಹೆಸರು ಕೇಳದವರು ಇರಲಿಕ್ಕಿಲ್ಲ. ಎರಡು ಫಂಕ್ಷನ್‌ಗಳ ಗುಣಲಬ್ಧಕ್ಕೆ ಎನ್‌ನೇ ಡೆರಿವೇಟಿವ್ ತೆಗೆಯೋ ಸೂತ್ರ ಅವನ ಹೆಸರಲ್ಲೇ ಇದೆ. ಉದ್ದಕ್ಕೆ ಎಳೆದ ಎಸ್ ಅಕ್ಷರದ ಥರ ಕಾಣೋ ಇಂಟಿಗ್ರಲ್ ಚಿಹ್ನೆ ಅವನದು. ಡಿವೈ ಬೈ ಡಿಎಕ್ಸ್ ಅಂತ ನಾವು ಬರೆಯೋ ರೀತಿಯೂ ಅವನದೇ. 0 ಮತ್ತು 1 ಎರಡೇ ಅಂಕಿಗಳಲ್ಲಿ ಎಲ್ಲ ಲೆಕ್ಕ ಮಾಡಬಹುದು ಅಂತ ವಿವರವಾಗಿ ಬರೆದಿಟ್ಟವನೂ ಅವನೇ. ಇಷ್ಟೆಲ್ಲ ಮಾಡಿದವನು ಯೂನಿವರ್ಸಿಟಿಗೆ ಹೋಗಿ ಡಿಗ್ರಿ ತಗೊಂಡಿದ್ದು ಯಾವುದರಲ್ಲಿ? ಗಣಿತದಲ್ಲಿ ಅಲ್ಲ, ಕಾನೂನಿನಲ್ಲಿ. ಬ್ಯಾಚುಲರ್ ಪದವಿ ಕಾನೂನಿನದು, ಡಾಕ್ಟರೇಟ್ ಕಾನೂನಿನದು, ಮೊದಮೊದಲ ದೊಡ್ಡ ಹುದ್ದೆಯೂ ಕಾನೂನಿನದೇ.

ಅವನ ಕಥೆ ಹೇಳೋರು ಸಾಮಾನ್ಯವಾಗಿ ಈ ಭಾಗವನ್ನ ಒಂದೇ ಸಾಲಿನಲ್ಲಿ ಮುಗಿಸಿಬಿಡ್ತಾರೆ. ಮೊದಲು ಏನೋ ಲಾ ಓದ್ಕೊಂಡಿದ್ದ, ಆಮೇಲೆ ಪ್ಯಾರಿಸ್‌ಗೆ ಹೋಗಿ ಗಣಿತ ಕಲಿತ, ಅಲ್ಲಿಂದ ಅಸಲಿ ಲೈಬ್ನಿಜ್ ಶುರು ಅಂತ. ನಮಗೆ ಹಾಗನ್ನಿಸೋದಿಲ್ಲ. ಆ ಲಾ ಪುಸ್ತಕಗಳ ನಡುವೆಯೇ ಅವನಿಗೆ ಒಂದು ಹುಚ್ಚು ಹತ್ತಿತು. ಮನುಷ್ಯರ ನಡುವೆ ಎಂಥ ಜಗಳ ಬಂದರೂ ಅದಕ್ಕೊಂದು ಸರಿಯಾದ ಉತ್ತರ ಇದ್ದೇ ಇರುತ್ತೆ, ಕ್ರಮವಾಗಿ ಹುಡುಕಿದರೆ ಸಿಕ್ಕೇ ಸಿಗುತ್ತೆ ಅನ್ನೋದು ಆ ಹುಚ್ಚು. ಅವನ ಕ್ಯಾಲ್ಕುಲೇಟರ್, ಬೈನರಿ, ತರ್ಕದ ಕನಸು ಎಲ್ಲದರ ಹಿಂದೆ ಇದೇ ಇದೆ. ಕೊನೆಗೆ ಅವನದೇ ಜಗಳ ತೀರ್ಪಿಗೆ ಬಂದಾಗ ಏನಾಯ್ತು ಅನ್ನೋದೂ ಈ ಕಥೆಯ ಭಾಗ.

ಅಪ್ಪನ ಪುಸ್ತಕದ ಕೋಣೆ

ಗೊಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಜ್ ಹುಟ್ಟಿದ್ದು 1646ರ ಜುಲೈ 1ರಂದು, ಜರ್ಮನಿಯ ಸ್ಯಾಕ್ಸನಿ ಸೀಮೆಯ ಲೈಪ್‌ಜಿಗ್ ಊರಿನಲ್ಲಿ. ಆ ಹೊತ್ತಿಗೆ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ. ನೂರಾರು ಸಣ್ಣ ದೊಡ್ಡ ಸಂಸ್ಥಾನಗಳು, ಒಂದೊಂದಕ್ಕೆ ಒಬ್ಬ ದೊರೆ, ಒಂದೊಂದು ಕಡೆ ಒಂದೊಂದು ಕಟ್ಟಳೆ. ಮೂವತ್ತು ವರ್ಷಗಳ ಯುದ್ಧ ಇನ್ನೂ ನಡೀತಾ ಇತ್ತು, ಅದು ಮುಗಿದದ್ದು 1648ರಲ್ಲಿ. ಧರ್ಮದ ಹೆಸರಲ್ಲಿ, ರಾಜ್ಯದ ಹೆಸರಲ್ಲಿ ಹೊಡೆದಾಡಿ ಊರಿಗೆ ಊರೇ ಹಾಳಾಗಿದ್ದ ನಾಡು ಅದು. ಜಗಳಕ್ಕೆ ಕತ್ತಿ ಬಿಟ್ಟು ಬೇರೆ ಪರಿಹಾರ ಬೇಕು ಅಂತ ಅಲ್ಲಿ ಬೆಳೆದ ಹುಡುಗನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಅಪ್ಪ ಫ್ರೀಡ್ರಿಕ್ ಲೈಬ್ನಿಜ್ ಅದೇ ಊರಿನ ಯೂನಿವರ್ಸಿಟಿಯಲ್ಲಿ ನೀತಿಶಾಸ್ತ್ರದ ಪ್ರೊಫೆಸರ್. ಅಮ್ಮ ಕ್ಯಾಥರೀನಾ ಕಾನೂನು ಪಂಡಿತರ ಮನೆಯ ಮಗಳು. ಹುಡುಗನಿಗೆ ಆರು ವರ್ಷ ಆದಾಗ ಅಪ್ಪ ತೀರಿಕೊಂಡರು. ಅವರ ಪುಸ್ತಕದ ಕೋಣೆಗೆ ಕೆಲಕಾಲ ಬೀಗ ಬಿದ್ದಿತ್ತು. ಎಂಟರ ವಯಸ್ಸಿಗೆ ಅದರ ಬಾಗಿಲು ತೆರೆದಾಗ ಹುಡುಗ ಒಳಗೆ ಹೋದವನು ಆಚೆ ಬರೋದನ್ನೇ ಮರೆತ. ಚಿತ್ರಗಳಿದ್ದ ಒಂದು ರೋಮನ್ ಇತಿಹಾಸದ ಪುಸ್ತಕ ಸಿಕ್ತು. ಲ್ಯಾಟಿನ್ ಅಷ್ಟಾಗಿ ಬರ್ತಿರಲಿಲ್ಲ. ಚಿತ್ರ ನೋಡಿ, ಕೆಳಗಿನ ಸಾಲು ನೋಡಿ, ಅರ್ಥ ಊಹಿಸಿ, ಮತ್ತೆ ಮೊದಲಿಂದ ಓದಿ, ಹಾಗೇ ಲ್ಯಾಟಿನ್ ಕಲಿತುಬಿಟ್ಟ. ಇಂದು ಡಾಕ್ಯುಮೆಂಟೇಷನ್ ಓದದೆ ಕೋಡ್ ನೋಡಿಯೇ ಲಾಂಗ್ವೇಜ್ ಕಲಿಯೋರು ನಮ್ಮಲ್ಲೂ ಇದ್ದಾರಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ.

1661ರಲ್ಲಿ, 14ನೇ ವಯಸ್ಸಿಗೆ, ಲೈಪ್‌ಜಿಗ್ ಯೂನಿವರ್ಸಿಟಿ ಸೇರಿದ. ಆಗಿನ ಪದ್ಧತಿಯಲ್ಲಿ ಎಲ್ಲರೂ ಮೊದಲು ತತ್ವಶಾಸ್ತ್ರ ಓದಬೇಕು. ಅದಾದ ಮೇಲೆ ಮೇಲಿನ ಮೂರು ವಿಭಾಗಗಳಲ್ಲಿ ಒಂದನ್ನ ಹಿಡೀಬೇಕು: ದೇವತಾಶಾಸ್ತ್ರ, ಕಾನೂನು, ವೈದ್ಯ. ಲೈಬ್ನಿಜ್ ಹಿಡಿದದ್ದು ಕಾನೂನು. ಲೈಪ್‌ಜಿಗ್‌ನಲ್ಲಿ ಗಣಿತದ ಪಾಠ ತೀರಾ ಸಾಧಾರಣವಾಗಿತ್ತು. 1663ರ ಬೇಸಿಗೆಯಲ್ಲಿ ಯೆನಾ ಊರಿಗೆ ಹೋಗಿ ಎರ್ಹಾರ್ಡ್ ವೈಗಲ್ ಅನ್ನೋ ಗಣಿತದ ಮೇಷ್ಟ್ರ ಹತ್ತಿರ ಕೆಲವು ತಿಂಗಳು ಓದಿದ. ಯೂಕ್ಲಿಡ್ ಜ್ಯಾಮಿತಿಯನ್ನ ಕಟ್ಟಿದ ಹಾಗೆ ಬೇರೆ ವಿಷಯಗಳನ್ನೂ ಹಂತಹಂತವಾಗಿ ಕಟ್ಟಬಹುದು ಅನ್ನೋ ಯೋಚನೆ ವೈಗಲ್‌ಗೆ ಇತ್ತು. ಅದು ಶಿಷ್ಯನ ತಲೆಯಲ್ಲಿ ಉಳಿದುಕೊಂಡಿತು.

1664ರ ಆರಂಭದಲ್ಲಿ ತತ್ವಶಾಸ್ತ್ರದ ಮಾಸ್ಟರ್ಸ್ ಕೈಗೆ ಬಂತು. ಅದೇ ದಿನಗಳಲ್ಲಿ ಅಮ್ಮನೂ ತೀರಿಕೊಂಡರು. 17ರ ಹುಡುಗ ಅನಾಥನಾದ. ಲಾ ಓದು ಮಾತ್ರ ನಿಲ್ಲಲಿಲ್ಲ.

ಆ ಕಾಲದ ಲಾ ಸಿಲಬಸ್

ಆಗಿನ ಲಾ ಓದು ಅಂದ್ರೆ ಮುಖ್ಯವಾಗಿ ರೋಮನ್ ಕಾನೂನು. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹಳೆಯ ರೋಮನ್ ಕಾನೂನನ್ನೆಲ್ಲ ಸೇರಿಸಿ ಒಂದು ಮಹಾಸಂಗ್ರಹ ಮಾಡಿಸಿದ್ದ. ಅದರಲ್ಲಿ ಡೈಜೆಸ್ಟ್ ಅನ್ನೋ ಭಾಗ ಒಂದರಲ್ಲೇ 50 ಪುಸ್ತಕಗಳು. ಅಂದಿನ ದೊಡ್ಡ ದೊಡ್ಡ ನ್ಯಾಯವಾದಿಗಳ ಅಭಿಪ್ರಾಯಗಳನ್ನ ತುಂಡು ತುಂಡಾಗಿ ಕತ್ತರಿಸಿ ಅಂಟಿಸಿದ ಹಾಗಿತ್ತು ಅದು. ಅದರ ಮೇಲೆ ಶತಮಾನಗಳ ಕಾಲ ಬರೆದ ಟೀಕೆ, ಟೀಕೆಗೆ ಮತ್ತೆ ಟೀಕೆ. ಸಾಲದು ಅಂತ ಸ್ಯಾಕ್ಸನಿಯ ಸ್ಥಳೀಯ ಕಾನೂನು ಬೇರೆ. ಲೈಬ್ರರಿ, ಪ್ಯಾಚ್, ಪ್ಯಾಚ್ ಮೇಲೆ ಪ್ಯಾಚ್ ಹಾಕಿ ಸಾವಿರ ವರ್ಷ ಓಡಿಸಿದ ಸಾಫ್ಟ್‌ವೇರ್ ಅಂದುಕೊಳ್ಳಿ.

ಪರೀಕ್ಷೆಯೂ ಬರೆಯೋ ಪರೀಕ್ಷೆ ಆಗಿರಲಿಲ್ಲ. ವಿದ್ಯಾರ್ಥಿ ಒಂದು ವಿಷಯದ ಮೇಲೆ ತನ್ನ ವಾದಗಳನ್ನ ಲ್ಯಾಟಿನ್‌ನಲ್ಲಿ ಅಚ್ಚು ಹಾಕಿಸಬೇಕು. ಆಮೇಲೆ ಎಲ್ಲರ ಮುಂದೆ ನಿಂತು ಅದನ್ನ ಸಮರ್ಥಿಸಬೇಕು. ಎದುರಾಳಿಗಳು ಒಂದೊಂದೇ ಆಕ್ಷೇಪ ಎತ್ತುತ್ತಾರೆ, ಮೇಲೆ ಕೂತ ಪ್ರೊಫೆಸರ್ ನೋಡ್ತಾ ಇರ್ತಾರೆ. ನಮ್ಮ ವೈವಾ ಹತ್ತು ನಿಮಿಷದಲ್ಲಿ ಮುಗಿಯುತ್ತೆ, ಅವರದು ಊರ ಮುಂದಿನ ಕುಸ್ತಿ.

ಈ ಓದು ಅವನಿಗೆ ಹಿಡಿಸಿತು. ಚರಿತ್ರೆ, ತತ್ವಶಾಸ್ತ್ರ ಮೊದಲೇ ಓದಿಕೊಂಡಿದ್ದರಿಂದ ಕಾನೂನಿನ ಸಿದ್ಧಾಂತ ಸಲೀಸಾಯ್ತು. ಹಾಗಾಗಿ ಕೋರ್ಟಿನ ಕೆಲಸದ ಕಡೆಗೆ ಗಮನ ಕೊಟ್ಟ. ಲೈಪ್‌ಜಿಗ್‌ನ ದೊಡ್ಡ ಕೋರ್ಟಿನಲ್ಲಿದ್ದ ಒಬ್ಬ ಪರಿಚಯದವರು ಹಳೆಯ ಕೇಸಿನ ಕಾಗದಗಳನ್ನ ಓದೋಕೆ ಕೊಡ್ತಿದ್ದರು, ತೀರ್ಪು ಹೇಗೆ ಬರೀಬೇಕು ಅಂತ ತೋರಿಸ್ತಿದ್ದರು. ಆಗಲೇ ಅವನಿಗೆ ತನ್ನ ಸ್ವಭಾವ ಗೊತ್ತಾಯ್ತು. ವಕೀಲರ ಜಾಣತನ, ಕಕ್ಷಿದಾರನಿಗಾಗಿ ಮಾತು ತಿರುಚೋದು ಅವನಿಗೆ ಒಗ್ಗಲಿಲ್ಲ. ಎರಡೂ ಕಡೆ ಕೇಳಿ ತೂಗಿ ಹೇಳೋ ನ್ಯಾಯಾಧೀಶನ ಕೆಲಸ ಇಷ್ಟವಾಯ್ತು.

ಷರತ್ತಿಗೆ ಅಂಕಿ ಕೊಟ್ಟ ಹುಡುಗ

1665ರಲ್ಲಿ, 19ನೇ ವಯಸ್ಸಿಗೆ, ಬ್ಯಾಚುಲರ್ ಪದವಿಗಾಗಿ ಅವನು ಆರಿಸಿಕೊಂಡ ವಿಷಯ ಷರತ್ತುಗಳು. ನೋಡೋಕೆ ಒಣ ವಿಷಯ. ಆದರೆ ಕೋಡ್ ಬರೆಯೋ ನಮಗೆ ಇದು ನಮ್ಮ ಮನೆ ವಿಷಯ.

ರೋಮನ್ ಕಾನೂನಿನ ಹಳೆಯ ಉದಾಹರಣೆ ಒಂದಿದೆ. ಏಷ್ಯಾದಿಂದ ಹಡಗು ಬಂದರೆ ನಿನಗೆ ಇಷ್ಟು ಹಣ ಕೊಡ್ತೀನಿ ಅಂತ ಒಬ್ಬ ಮಾತು ಕೊಡ್ತಾನೆ. ಹಡಗು ಇನ್ನೂ ಬಂದಿಲ್ಲ. ಹಾಗಾದ್ರೆ ಈಗ ಆ ಹಣದ ಮೇಲೆ ನಿನಗೆ ಹಕ್ಕಿದೆಯೋ ಇಲ್ಲವೋ? ಇದೆ ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಲೈಬ್ನಿಜ್ ಇದನ್ನ ಹೀಗೆ ಜೋಡಿಸಿದ. ಷರತ್ತು ನಡೆಯೋಕೆ ಸಾಧ್ಯವೇ ಇಲ್ಲದ್ದಾದರೆ ಹಕ್ಕು ಶೂನ್ಯ, ಅದಕ್ಕೆ 0. ಷರತ್ತು ನಡೆದೇ ತೀರುವಂಥದ್ದಾದರೆ ಹಕ್ಕು ಪೂರ್ಣ, ಅದಕ್ಕೆ 1. ನಡೆಯಬಹುದು, ನಡೆಯದೇ ಇರಬಹುದು ಅನ್ನೋ ಹಾಗಿದ್ದರೆ ಹಕ್ಕು ಷರತ್ತುಬದ್ಧ, ಅದಕ್ಕೆ ನಡುವಿನ ಒಂದು ಭಿನ್ನರಾಶಿ.

0, 1, ಮಧ್ಯದಲ್ಲಿ ಭಿನ್ನರಾಶಿ. ಪ್ರಾಬಬಿಲಿಟಿ ಕ್ಲಾಸಿನಲ್ಲಿ ಮೊದಲ ದಿನ ಬೋರ್ಡಿನ ಮೇಲೆ ಬರೆಯೋ ಸಾಲು ಇದು. ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕದ ಬಗ್ಗೆ ಪತ್ರ ಬರೆದುಕೊಂಡದ್ದು 1654ರಲ್ಲಿ. ಅವರು ದಾಳದ ಕಡೆಯಿಂದ ಬಂದರು. ಇವನು ಕರಾರಿನ ಕಡೆಯಿಂದ ಬಂದ. ಲೆಕ್ಕ ಅನ್ನೋದು ಬರೀ ಸಂಖ್ಯೆಗಳಿಗೆ ಅಲ್ಲ, ಹಕ್ಕು ಬಾಧ್ಯತೆಗಳಂಥ ಕಣ್ಣಿಗೆ ಕಾಣದ ವಸ್ತುಗಳಿಗೂ ಆಗುತ್ತೆ ಅಂತ ಅವನಿಗೆ ಹೊಳೆದದ್ದು ಇಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಾನೂನಿನ ಬ್ಯಾಚುಲರ್ ಪದವಿ ಸಿಕ್ಕಿತು.

ಐದೋ, ಆರೋ, ಏಳೋ?

ಮರುವರ್ಷ, 1666ರಲ್ಲಿ, ಕಾಂಬಿನೇಷನ್‌ಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಲ್ಯಾಟಿನ್ ಹೆಸರು ಡಿ ಆರ್ಟೆ ಕಾಂಬಿನಟೋರಿಯಾ. ಕೆಲವು ವಸ್ತುಗಳಿಂದ ಎಷ್ಟು ಬಗೆಯ ಜೋಡಣೆ ಸಾಧ್ಯ ಅನ್ನೋ, ನಾವು ಪಿಯುಸಿಯಲ್ಲೇ ಮಾಡಿದ ಲೆಕ್ಕ. ಆದರೆ ಅವನು ಅದನ್ನ ಎಲ್ಲಿ ಬಳಸಿದ ನೋಡಿ.

ಒಬ್ಬ ಇನ್ನೊಬ್ಬನಿಗೆ ಕೆಲಸ ವಹಿಸಿಕೊಡೋ ಕರಾರು ರೋಮನ್ ಕಾನೂನಿನಲ್ಲಿ ಒಂದು ಮುಖ್ಯ ಅಧ್ಯಾಯ. ಇಲ್ಲಿ ಲಾಭ ಯಾರಿಗೆ ಅನ್ನೋದರ ಮೇಲೆ ವಿಧಗಳು. ನನ್ನ ಬೈಕ್ ಮಾರಿಕೊಡು ಅಂದರೆ ಲಾಭ ವಹಿಸಿದವನಿಗೆ. ನನ್ನ ಗೆಳೆಯನಿಗೆ ಜಾಮೀನು ನಿಲ್ಲು ಅಂದರೆ ಲಾಭ ಮೂರನೆಯವನಿಗೆ. ಹೀಗೆ ಒಟ್ಟು ಐದು ವಿಧ ಅಂತ ಹಳೆಯ ಪುಸ್ತಕಗಳು ಹೇಳ್ತಿದ್ದವು, ವಿದ್ಯಾರ್ಥಿಗಳು ಐದನ್ನೂ ಬಾಯಿಪಾಠ ಮಾಡ್ತಿದ್ದರು.

ಲೈಬ್ನಿಜ್ ಬಾಯಿಪಾಠ ಮಾಡಲಿಲ್ಲ, ಎಣಿಸಿದ. ಇಲ್ಲಿರೋದು ಮೂರು ಜನ: ವಹಿಸಿದವನು, ವಹಿಸಿಕೊಂಡವನು, ಮೂರನೆಯವನು. ಒಬ್ಬರಿಗೇ ಲಾಭ ಅಂದರೆ ಮೂರು ಬಗೆ. ಇಬ್ಬರಿಗೆ ಅಂದರೆ ಮೂರು ಬಗೆ. ಮೂವರಿಗೂ ಅಂದರೆ ಒಂದು. ಒಟ್ಟು ಏಳು. ಎರಡರ ಘಾತ ಮೂರು, ಅದರಲ್ಲಿ ಒಂದು ಕಳೆದರೆ ಏಳು, ಅಷ್ಟೆ. ಇದರಲ್ಲಿ ವಹಿಸಿಕೊಂಡವನಿಗೆ ಮಾತ್ರ ಲಾಭ ಆಗೋದನ್ನ ಕಾನೂನು ಕರಾರು ಅಂತ ಒಪ್ಪೋದಿಲ್ಲ. ನಿನ್ನ ದುಡ್ಡಲ್ಲಿ ನೀನೇ ಜಮೀನು ತಗೋ ಅಂತ ಹೇಳಿದರೆ ಅದು ಬರೀ ಸಲಹೆ, ಕೆಲಸ ವಹಿಸಿದ ಹಾಗಲ್ಲ. ಆಯ್ತು, ಏಳರಲ್ಲಿ ಒಂದು ಹೋಯ್ತು, ಆರು ಉಳೀತು. ಪುಸ್ತಕದಲ್ಲಿ ಐದೇ ಯಾಕಿದೆ? ಮೂವರಿಗೂ ಲಾಭ ಆಗೋ ಸಂದರ್ಭವನ್ನ ಯಾರೂ ಪಟ್ಟಿಗೆ ಸೇರಿಸಿರಲಿಲ್ಲ. ಸಾವಿರ ವರ್ಷ ಪಂಡಿತರು ಓದಿದ ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಸಾಲನ್ನ ಸೆಟ್ ಥಿಯರಿಯ ಮೊದಲ ಪಾಠದಂಥ ಲೆಕ್ಕ ತೋರಿಸಿಕೊಟ್ಟಿತು. ಟೆಸ್ಟ್ ಕೇಸ್ ಬರೆಯೋರು ಮಾಡೋದೂ ಇದೇ ಅಲ್ವಾ? ಎಲ್ಲ ಸಂದರ್ಭ ಬರೆದು, ಯಾವುದು ಬಿಟ್ಟುಹೋಯ್ತು ಅಂತ ನೋಡೋದು.

ಇಲ್ಲಿಂದ ಅವನ ಕನಸು ದೊಡ್ಡದಾಯ್ತು. ಮನುಷ್ಯನ ಎಲ್ಲ ಯೋಚನೆಗಳೂ ಕೆಲವೇ ಮೂಲ ಯೋಚನೆಗಳ ಜೋಡಣೆ ಇರಬೇಕು. ಆ ಮೂಲಗಳಿಗೆ ಒಂದು ವರ್ಣಮಾಲೆ ಸಿಕ್ಕರೆ, ಜೋಡಿಸೋಕೆ ನಿಯಮಗಳು ಸಿಕ್ಕರೆ, ವಾದಕ್ಕೆ ನಿಂತವರು ಕೂಗಾಡೋ ಬದಲು ಕಾಗದ ಲೇಖನಿ ಹಿಡಿದು ಕೂತು ಲೆಕ್ಕ ಹಾಕಬಹುದು. ಈ ಮಾತನ್ನ ಅವನು ಮುಂದೆ ಜೀವನಪೂರ್ತಿ ಬೇರೆ ಬೇರೆ ರೀತಿಯಲ್ಲಿ ಬರೆದ.

ಡಾಕ್ಟರೇಟ್ ಕೊಡದ ಲೈಪ್‌ಜಿಗ್

ಅದೇ 1666ರಲ್ಲಿ ಡಾಕ್ಟರೇಟ್‌ಗೆ ಅರ್ಜಿ ಹಾಕಿದ. ವಯಸ್ಸು 20. ಲೈಪ್‌ಜಿಗ್‌ನ ಲಾ ವಿಭಾಗದಲ್ಲಿ ಹುದ್ದೆಗಳು ಕೆಲವೇ ಇದ್ದವು. ಡಾಕ್ಟರ್ ಆದವರು ಸರದಿ ಪ್ರಕಾರ ಅಲ್ಲಿಗೆ ಸೇರೋ ವ್ಯವಸ್ಥೆ. ಯಾರು ಮೊದಲು ಡಾಕ್ಟರ್ ಆಗ್ತಾರೋ ಅವರಿಗೆ ಮೊದಲ ಸ್ಥಾನ. ವಯಸ್ಸಾದ ಅಭ್ಯರ್ಥಿಗಳ ಸಾಲು ಉದ್ದ ಇತ್ತು. ಕಿರಿಯರು ಕಾಯಲಿ ಅಂತ ತೀರ್ಮಾನ ಆಯ್ತು. ಇದರ ಹಿಂದೆ ಯಾರ ಕೈ ಇತ್ತು ಅನ್ನೋದಕ್ಕೆ ಬೇರೆ ಬೇರೆ ಕಥೆಗಳಿವೆ. ಅವನ ಪಾಲಿಗೆ ಬಂದ ಉತ್ತರ ಒಂದೇ, ಈಗ ಇಲ್ಲ.

ಅವನು ಕಾಯಲಿಲ್ಲ. ಅಪ್ಪ ಪಾಠ ಮಾಡಿದ, ತಾನು ಹುಟ್ಟಿ ಬೆಳೆದ ಊರನ್ನ ಬಿಟ್ಟು ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡಾರ್ಫ್ ಅನ್ನೋ ಸಣ್ಣ ಯೂನಿವರ್ಸಿಟಿಗೆ ಅಕ್ಟೋಬರಿನಲ್ಲಿ ಹೆಸರು ಹಚ್ಚಿದ. ಪ್ರಬಂಧ ಆಗಲೇ ಸಿದ್ಧ ಇತ್ತು. ನವೆಂಬರಿನಲ್ಲಿ ಅದನ್ನ ಎಲ್ಲರ ಮುಂದೆ ಸಮರ್ಥಿಸಿದ. 1667ರ ಫೆಬ್ರವರಿಯಲ್ಲಿ ಡಾಕ್ಟರ್ ಆದ. ಅಲ್ಲೇ ಪ್ರೊಫೆಸರ್ ಕೆಲಸ ಕೊಡೋಕೂ ಮುಂದೆ ಬಂದರು, ಇವನು ಬೇಡ ಅಂದ. ಲೈಪ್‌ಜಿಗ್‌ನಲ್ಲಿ ನೆಲೆಸೋಕೆ ಅವನು ಮತ್ತೆ ಯಾವತ್ತೂ ಹೋಗಲಿಲ್ಲ.

ಗೋಜಲು ಕೇಸುಗಳು

ಆ ಡಾಕ್ಟರೇಟ್ ಪ್ರಬಂಧದ ವಿಷಯವೇ ಕಾನೂನಿನ ಗೋಜಲು ಕೇಸುಗಳು. ಎರಡೂ ಕಡೆ ವಾದ ಸಮ ಇದೆ, ಯಾವ ಕಡೆ ತೀರ್ಪು ಕೊಟ್ಟರೂ ತಪ್ಪು ಅನ್ನಿಸುತ್ತೆ, ಅಂಥವು.

ಅದರಲ್ಲಿ ಬರೋ ಒಂದು ಪುರಾತನ ಗ್ರೀಕ್ ಕಥೆ ಲಾ ಓದೋರಿಗೆಲ್ಲ ಗೊತ್ತು. ಪ್ರೊಟಾಗೊರಸ್ ಅನ್ನೋ ಗುರು ಯೂಅಥ್ಲಸ್ ಅನ್ನೋ ಶಿಷ್ಯನಿಗೆ ವಾದ ಮಾಡೋ ವಿದ್ಯೆ ಕಲಿಸ್ತಾನೆ. ಶಿಷ್ಯ ತನ್ನ ಮೊದಲ ಕೇಸ್ ಗೆದ್ದಾಗ ಉಳಿದ ಫೀಸು ಕೊಡಬೇಕು ಅಂತ ಕರಾರು. ಕಲಿತಾದ ಮೇಲೆ ಶಿಷ್ಯ ಯಾವ ಕೇಸನ್ನೂ ಹಿಡಿಯೋದಿಲ್ಲ. ಗುರು ಅವನ ಮೇಲೇ ದಾವೆ ಹೂಡ್ತಾನೆ. ಗುರು ಹೇಳೋದು, ನಾನು ಗೆದ್ದರೆ ಕೋರ್ಟಿನ ತೀರ್ಪಿನಂತೆ ದುಡ್ಡು ಕೊಡು, ಸೋತರೆ ನೀನು ಮೊದಲ ಕೇಸ್ ಗೆದ್ದ ಹಾಗಾಯ್ತು, ಕರಾರಿನಂತೆ ಕೊಡು ಅಂತ. ಶಿಷ್ಯನದು ಇದನ್ನೇ ತಿರುಗಿಸಿದ ವಾದ. ನಾನು ಗೆದ್ದರೆ ತೀರ್ಪಿನಂತೆ ಕೊಡಬೇಕಿಲ್ಲ, ಸೋತರೆ ಕರಾರಿನಂತೆ ಕೊಡಬೇಕಿಲ್ಲ.

ಇಂಥದ್ದಕ್ಕೆ ಹಿಂದಿನವರು ಹೇಳ್ತಿದ್ದ ದಾರಿಗಳು ಮೂರು. ತೀರ್ಪೇ ಕೊಡದೆ ಕೈಬಿಡೋದು. ಚೀಟಿ ಎತ್ತೋದು. ಇಲ್ಲಾ ಜಡ್ಜ್ ಮನಸ್ಸಿಗೆ ತೋಚಿದ ಹಾಗೆ ಹೇಳೋದು. ಲೈಬ್ನಿಜ್ ಮೂರನ್ನೂ ಒಪ್ಪಲಿಲ್ಲ. ಕಾನೂನಿನ ಒಳಗೇ ಉತ್ತರ ಇದೆ, ಬರೆದಿಟ್ಟ ಕಾನೂನು ಸುಮ್ಮನಿದ್ದ ಕಡೆ ಸಹಜ ನ್ಯಾಯ ಉತ್ತರ ಕೊಡುತ್ತೆ ಅಂತ ವಾದಿಸಿದ. ಗುರುಶಿಷ್ಯರ ಕೇಸಿಗೆ ಅವನ ಉತ್ತರ ಸರಳ. ಕಾಲದ ಕ್ರಮ ನೋಡಿ. ದಾವೆ ಹೂಡಿದ ದಿನ ಶಿಷ್ಯ ಇನ್ನೂ ಯಾವ ಕೇಸನ್ನೂ ಗೆದ್ದಿಲ್ಲ, ಹಾಗಾಗಿ ಫೀಸಿನ ಹೊತ್ತು ಬಂದಿಲ್ಲ, ಗುರು ಸೋಲಬೇಕು. ಆ ತೀರ್ಪು ಬಂದ ಕ್ಷಣ ಶಿಷ್ಯ ಮೊದಲ ಕೇಸ್ ಗೆದ್ದ ಹಾಗಾಯ್ತು. ಈಗ ಗುರು ಎರಡನೇ ದಾವೆ ಹೂಡಲಿ, ದುಡ್ಡು ಸಿಗುತ್ತೆ. ಎಲ್ಲರೂ ಒಂದೇ ಈಕ್ವೇಷನ್ ಅಂದುಕೊಂಡು ಒದ್ದಾಡ್ತಿದ್ದದ್ದನ್ನ ಅವನು ಎರಡು ಸ್ಟೆಪ್ ಮಾಡಿದ.

ಇನ್ನೊಂದು ಬಗೆಯ ಗೋಜಲು ಸಾಲ ಕೊಟ್ಟವರದು. ಒಂದೇ ಆಸ್ತಿಯ ಮೇಲೆ ಮೂವರಿಗೆ ಹಕ್ಕು. ಮೊದಲನೆಯವನಿಗೆ ಎರಡನೆಯವನಿಗಿಂತ ಆದ್ಯತೆ, ಎರಡನೆಯವನಿಗೆ ಮೂರನೆಯವನಿಗಿಂತ, ಮೂರನೆಯವನಿಗೆ ಮತ್ತೆ ಮೊದಲನೆಯವನಿಗಿಂತ. ಸುತ್ತಿ ಸುತ್ತಿ ಅಲ್ಲೇ ಬರುತ್ತೆ. ಓಎಸ್ ಕ್ಲಾಸಿನಲ್ಲಿ ಡೆಡ್‌ಲಾಕ್ ಚಿತ್ರ ಬರೆದವರಿಗೆ ಇದರ ಆಕಾರ ಹೊಸದೇನಲ್ಲ.

ಎರಡು ಹೊಸ ವಿಧಾನ

ಡಾಕ್ಟರ್ ಆದ ವರ್ಷವೇ ಮತ್ತೊಂದು ಪುಸ್ತಕ ಬಂತು. ಕಾನೂನನ್ನ ಕಲಿಯೋಕೆ ಮತ್ತು ಕಲಿಸೋಕೆ ಒಂದು ಹೊಸ ವಿಧಾನ ಅನ್ನೋದು ಅದರ ಹೆಸರಿನ ಅರ್ಥ. ಲ್ಯಾಟಿನ್‌ನಲ್ಲಿ ನೊವಾ ಮೆಥೊಡಸ್ ಅಂತ ಶುರುವಾಗುತ್ತೆ. ಪ್ರಯಾಣದಲ್ಲಿ, ತಂಗಿದ ಛತ್ರಗಳಲ್ಲಿ, ಹತ್ತಿರ ಪುಸ್ತಕಗಳೇ ಇಲ್ಲದೆ ಬರೆದದ್ದು. ಆಗ ತಾನೇ ಲಾ ಓದಿ ಮುಗಿಸಿದ ಹುಡುಗ ಲಾ ಸಿಲಬಸ್ಸನ್ನೇ ರಿಪೇರಿ ಮಾಡೋಕೆ ಹೊರಟಿದ್ದ. ರಾಶಿ ಬಿದ್ದ ಕಾನೂನನ್ನ ಕೆಲವು ಮೂಲ ನಿಯಮಗಳಿಗೆ ಇಳಿಸಬೇಕು, ಉಳಿದದ್ದು ಅವುಗಳಿಂದ ತಾನಾಗಿ ಹುಟ್ಟಬೇಕು, ಜ್ಯಾಮಿತಿಯ ಹಾಗೆ. ಆ ಪುಸ್ತಕವನ್ನ ಮೈನ್ಜ್ ಸಂಸ್ಥಾನದ ದೊರೆಗೆ ಅರ್ಪಿಸಿದ. ದೊರೆ ಅವನನ್ನ ಕಾನೂನು ಸುಧಾರಣೆಯ ಕೆಲಸಕ್ಕೆ ಇಟ್ಟುಕೊಂಡ. 1670ರಲ್ಲಿ, 24ರ ವಯಸ್ಸಿಗೆ, ಮೇಲ್ಮನವಿ ಕೋರ್ಟಿನ ನ್ಯಾಯಾಧೀಶನೂ ಆದ.

1672ರಲ್ಲಿ ರಾಜತಾಂತ್ರಿಕ ಕೆಲಸದ ಮೇಲೆ ಪ್ಯಾರಿಸ್‌ಗೆ ಹೋದ. ಹೋದ ಕೆಲಸ ಆಗಲಿಲ್ಲ, ಆದರೆ ಕ್ರಿಸ್ತಿಯಾನ್ ಹೈಗನ್ಸ್ ಸಿಕ್ಕಿದರು. ಅವರ ಕೈಕೆಳಗೆ ನಾಲ್ಕೇ ವರ್ಷದಲ್ಲಿ ಗಣಿತದ ತುದಿ ಮುಟ್ಟಿದ. ಕೂಡಿಸೋದು ಕಳೆಯೋದಷ್ಟೇ ಅಲ್ಲ, ಗುಣಿಸೋದು ಭಾಗಿಸೋದೂ ಮಾಡೋ ಯಂತ್ರ ಕಟ್ಟೋಕೆ ಹೊರಟು, 1673ರಲ್ಲಿ ಅದರ ಮಾದರಿಯನ್ನ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ. ದಶಕ ದಾಟಿಸೋ ಭಾಗ ಅವನನ್ನ ವರ್ಷಗಟ್ಟಲೆ ಕಾಡಿತು. 1675ರ ಅಕ್ಟೋಬರ್ 29ರ ಒಂದು ಕಾಗದದಲ್ಲಿ ಇಂಟಿಗ್ರಲ್ ಚಿಹ್ನೆ ಮೊದಲ ಸಲ ಬರೆದ.

ಕ್ಯಾಲ್ಕುಲಸ್ ಬಗ್ಗೆ ಮೊದಲ ಲೇಖನ ಪ್ರಕಟಿಸಿದ್ದು 1684ರಲ್ಲಿ. ಅದರ ಹೆಸರೂ ನೊವಾ ಮೆಥೊಡಸ್ ಅಂತಲೇ ಶುರು. ಕಾನೂನಿಗೊಂದು ಹೊಸ ವಿಧಾನ, ಹದಿನೇಳು ವರ್ಷದ ಮೇಲೆ ಗಣಿತಕ್ಕೊಂದು ಹೊಸ ವಿಧಾನ. ಎರಡರಲ್ಲೂ ಮಾಡಿದ್ದು ಒಂದೇ ಕೆಲಸ. ದೊಡ್ಡ ಪಂಡಿತರಿಗೆ ಮಾತ್ರ ಸಾಧ್ಯ ಇದ್ದದ್ದನ್ನ ನಿಯಮಗಳಾಗಿ ಮಾಡಿ, ಅನುಸರಿಸಿದವರಿಗೆಲ್ಲ ಬರೋ ಹಾಗೆ ಮಾಡೋದು. ಆಗಲೇ ಕೆಲವರು ಟ್ಯಾಂಜೆಂಟ್ ಎಳೀತಿದ್ದರು, ವಿಸ್ತೀರ್ಣ ತೆಗೀತಿದ್ದರು. ಆದರೆ ಸಾಧಾರಣ ವಿದ್ಯಾರ್ಥಿಯೂ ಹೆಜ್ಜೆ ಹೆಜ್ಜೆಯಾಗಿ ಮಾಡಬಹುದಾದ ಬರವಣಿಗೆ ಕೊಟ್ಟದ್ದು ಇವನು. ಆ ಲೇಖನ ಬಂದ ಪತ್ರಿಕೆ ಆಕ್ಟಾ ಎರುಡಿಟೋರಮ್ ಅಚ್ಚಾಗ್ತಿದ್ದದ್ದು ಲೈಪ್‌ಜಿಗ್‌ನಲ್ಲಿ, ಅವನನ್ನ ಕಾಯಲಿ ಅಂದ ಅದೇ ಊರಿನಲ್ಲಿ.

ಅಷ್ಟರಲ್ಲಿ, 1676ರಿಂದ, ಹ್ಯಾನೋವರ್ ದೊರೆಗಳ ಆಸ್ಥಾನ ಸೇರಿದ್ದ. ಗ್ರಂಥಪಾಲಕ, ಕಾನೂನು ಸಲಹೆಗಾರ, ರಾಜವಂಶದ ಇತಿಹಾಸಕಾರ, ಎಲ್ಲ ಅವನೇ. 1679ರಲ್ಲಿ ಬೈನರಿ ಲೆಕ್ಕದ ಬಗ್ಗೆ ಬರೆಯುತ್ತಾ, ಗೋಲಿಗಳು ತೂತುಗಳ ಮೂಲಕ ಬಿದ್ದು ಕೂಡಿಸೋ ಒಂದು ಯಂತ್ರದ ಕಲ್ಪನೆಯನ್ನೂ ಬರೆದಿಟ್ಟ. ಹಾರ್ಜ್ ಬೆಟ್ಟದ ಬೆಳ್ಳಿ ಗಣಿಗಳಿಂದ ಗಾಳಿಯಂತ್ರದಲ್ಲಿ ನೀರೆತ್ತೋಕೆ ಹೋಗಿ, ವರ್ಷಗಟ್ಟಲೆ ಒದ್ದಾಡಿ ಸೋತ. ಅವನೂ ನಮ್ಮ ಹಾಗೆ ಪ್ರಾಜೆಕ್ಟ್ ಕೈಕೊಟ್ಟವನೇ. ಕಾನೂನನ್ನ ಮಾತ್ರ ಬಿಡಲಿಲ್ಲ. 1693ರಲ್ಲಿ ರಾಜ್ಯ ರಾಜ್ಯಗಳ ನಡುವಿನ ಒಪ್ಪಂದಗಳ ದೊಡ್ಡ ಸಂಗ್ರಹ ಹೊರತಂದ. ನ್ಯಾಯ ಅಂದರೆ ತಿಳಿದವನ ಕರುಣೆ ಅನ್ನೋ ಅರ್ಥದ ವ್ಯಾಖ್ಯೆಯನ್ನ ಅದರ ಮುನ್ನುಡಿಯಲ್ಲಿ ಕೊಟ್ಟ. ಲೆಕ್ಕ ಹಾಕೋ ಮನುಷ್ಯ ನ್ಯಾಯದ ವ್ಯಾಖ್ಯೆಯಲ್ಲಿ ಕರುಣೆಯನ್ನ ಇಟ್ಟಿದ್ದ ಅನ್ನೋದನ್ನ ನಾವು ಮರೀಬಾರದು.

ಅವನದೇ ಕೇಸು

ಈಗ ಆ ಜಗಳ. ಕ್ಯಾಲ್ಕುಲಸ್ ಯಾರದು? ನ್ಯೂಟನ್ 1660ರ ದಶಕದಲ್ಲೇ ತನ್ನ ದಾರಿಯಲ್ಲಿ ಕಂಡುಕೊಂಡಿದ್ದ, ಪ್ರಕಟಿಸಿರಲಿಲ್ಲ. ಲೈಬ್ನಿಜ್ ತನ್ನ ದಾರಿಯಲ್ಲಿ ಆಮೇಲೆ ಕಂಡುಕೊಂಡ, ಮೊದಲು ಪ್ರಕಟಿಸಿದ. ಇಬ್ಬರೂ ಸ್ವತಂತ್ರವಾಗಿ ಕಂಡುಹಿಡಿದರು ಅಂತ ಇವತ್ತು ಇತಿಹಾಸಕಾರರು ಒಪ್ತಾರೆ. ಆಗ ಹಾಗಿರಲಿಲ್ಲ. ಜಾನ್ ಕೀಲ್ ಅನ್ನೋ ಸ್ಕಾಟ್‌ಲೆಂಡಿನ ವಿದ್ವಾಂಸ ಲೈಬ್ನಿಜ್ ಕದ್ದಿದ್ದಾನೆ ಅನ್ನೋ ಅರ್ಥ ಬರೋ ಹಾಗೆ ಬರೆದ. ಲೈಬ್ನಿಜ್ ರಾಯಲ್ ಸೊಸೈಟಿಯ ಸದಸ್ಯ. ಸಂಸ್ಥೆಯ ಸದಸ್ಯನೊಬ್ಬ ಮಾಡೋದನ್ನೇ ಮಾಡಿದ, ನ್ಯಾಯ ಕೊಡಿ ಅಂತ ಆ ಸಂಸ್ಥೆಗೇ ದೂರು ಕೊಟ್ಟ.

ರಾಯಲ್ ಸೊಸೈಟಿಯ ಅಧ್ಯಕ್ಷ ಯಾರು? ಐಸಾಕ್ ನ್ಯೂಟನ್. 1712ರಲ್ಲಿ ಒಂದು ಸಮಿತಿ ಕೂತಿತು. ಲೈಬ್ನಿಜ್‌ನ ಹೇಳಿಕೆಯನ್ನ ಯಾರೂ ಕೇಳಲಿಲ್ಲ. ಕೆಲವೇ ವಾರಗಳಲ್ಲಿ ವರದಿ ಬಂತು, ನ್ಯೂಟನ್ನೇ ಮೊದಲಿಗ ಅಂತ. ಆ ವರದಿಯ ಹಿಂದೆ ಇದ್ದದ್ದು ನ್ಯೂಟನ್‌ನ ಕೈಯೇ ಅಂತ ಅವನ ಹಸ್ತಪ್ರತಿಗಳಿಂದ ಮುಂದೆ ಗೊತ್ತಾಯ್ತು. ವರದಿಯ ಬಗ್ಗೆ ಹೆಸರು ಹಾಕದೆ ಬಂದ ಹೊಗಳಿಕೆಯ ವಿಮರ್ಶೆಯೂ ಅವನದೇ. ಲೈಬ್ನಿಜ್ ಪೂರ್ತಿ ಸಾಚಾ ಅಂತೇನಲ್ಲ, ಅವನೂ ಹೆಸರಿಲ್ಲದ ಹಾಳೆಗಳನ್ನ ಅಚ್ಚು ಹಾಕಿಸಿ ಹಂಚಿದ್ದ. ಆದರೆ ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಆಗಬಾರದು ಅನ್ನೋದು ರೋಮನ್ ಕಾನೂನಿನಷ್ಟೇ ಹಳೆಯ ನಿಯಮ, ಲಾ ಸೇರಿದ ಮೊದಲ ವರ್ಷವೇ ಕಲಿಯೋ ಪಾಠ. ಆ ಪಾಠವನ್ನ ಕಲಿತವನು ದೂರುದಾರ, ಮುರಿದವನು ನ್ಯಾಯಾಧೀಶ.

ನಮಗೆ ಈ ಕಥೆಯಲ್ಲಿ ಚುಚ್ಚೋದು ಇದೇ ಭಾಗ. ಜಗಳಗಳನ್ನ ಲೆಕ್ಕದಂತೆ ಬಿಡಿಸಬಹುದು ಅಂತ 20ರಲ್ಲಿ ನಂಬಿದ್ದವನಿಗೆ 66ರಲ್ಲಿ ಸಿಕ್ಕಿದ್ದು ಇಂಥ ತೀರ್ಪು. ಇವತ್ತು ಕರಾರುಗಳನ್ನ ಕೋಡ್ ಆಗಿ ಬರೀತಾರೆ, ಸಾಲ ಕೊಡಬೇಕೋ ಬೇಡವೋ ಅಂತ ಮಾಡೆಲ್ ಹೇಳುತ್ತೆ. ನಮ್ಮಲ್ಲೇ ಕೆಲವರು ನಾಳೆ ಆ ಕೆಲಸಕ್ಕೆ ಸೇರ್ತೀವಿ. ಷರತ್ತಿಗೆ ಅಂಕಿ ಕೊಡೋದು, ಬಿಟ್ಟುಹೋದ ಆರನೇ ಸಾಲು ಹುಡುಕೋದು, ಒಂದು ಗೋಜಲನ್ನ ಎರಡು ಸ್ಟೆಪ್ ಮಾಡೋದು, ಇದೆಲ್ಲ ನಮಗೆ ಬರುತ್ತೆ. ಆದರೆ ಲೆಕ್ಕಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಎರಡೂ ಕಡೆಯವರನ್ನ ಕೇಳಿದಿರಾ? ತೀರ್ಪು ಕೊಡೋನಿಗೆ ಇದರಲ್ಲಿ ಸ್ವಂತ ಲಾಭ ಇದೆಯಾ? ತಪ್ಪಾದರೆ ಮೇಲ್ಮನವಿ ಎಲ್ಲಿಗೆ? ಇವು ಇಂಜಿನಿಯರಿಂಗ್ ಸಿಲಬಸ್ಸಿನಲ್ಲಿ ಇಲ್ಲ, ಲಾ ಸಿಲಬಸ್ಸಿನಲ್ಲಿ ಇವೆ. ಅವನಿಗೆ ಎರಡೂ ಗೊತ್ತಿದ್ದವು, ಅವನ ಕಾಲಕ್ಕೆ ಎರಡನೆಯದು ಸಿಗಲಿಲ್ಲ.

1714ರಲ್ಲಿ ಹ್ಯಾನೋವರ್ ದೊರೆ ಜಾರ್ಜ್ ಇಂಗ್ಲೆಂಡಿನ ರಾಜನಾಗಿ ಲಂಡನ್‌ಗೆ ಹೋದ. ಲೈಬ್ನಿಜ್‌ಗೆ ಜೊತೆಗೆ ಬರೋಕೆ ಅಪ್ಪಣೆ ಸಿಗಲಿಲ್ಲ. ರಾಜವಂಶದ ಇತಿಹಾಸ ಮೊದಲು ಮುಗಿಸು ಅಂತ ಆಜ್ಞೆ. ಅದು ಮುಗಿಯಲಿಲ್ಲ. 1716ರ ನವೆಂಬರ್ 14ರಂದು, 70ನೇ ವಯಸ್ಸಿನಲ್ಲಿ, ಹ್ಯಾನೋವರ್‌ನಲ್ಲೇ ತೀರಿಕೊಂಡ. ಮದುವೆ ಆಗಿರಲಿಲ್ಲ. ಮಣ್ಣಿಗೆ ಅವನ ಕಾರ್ಯದರ್ಶಿ ಬಂದಿದ್ದ, ಆಸ್ಥಾನದ ದೊಡ್ಡವರು ಯಾರೂ ಬರಲಿಲ್ಲ.

ಅವನು ಬಿಟ್ಟುಹೋದ ಕಾಗದ ಸುಮಾರು 2 ಲಕ್ಷ ಪುಟ. ಹ್ಯಾನೋವರ್‌ನಲ್ಲಿ ಭದ್ರವಾಗಿವೆ. ಪಂಡಿತರು ಇವತ್ತಿಗೂ ಅವನ್ನ ಓದಿ, ಜೋಡಿಸಿ, ಅಚ್ಚು ಹಾಕ್ತಾನೇ ಇದ್ದಾರೆ, ಇನ್ನೂ ಮುಗಿದಿಲ್ಲ. ಆ ರಾಶಿಯಲ್ಲಿ ಕಾನೂನಿನ ಪುಟಗಳೂ ಗಣಿತದ ಪುಟಗಳೂ ಬೆರೆತೇ ಇವೆ.

ಕೊನೆಗೊಂದು ಉಪಯೋಗದ ಮಾತು. ನಮ್ಮ ದೇಶದಲ್ಲಿ ಯಾವುದೇ ಡಿಗ್ರಿ ಮುಗಿಸಿದವರು ಮೂರು ವರ್ಷದ ಎಲ್‌ಎಲ್‌ಬಿ ಸೇರಬಹುದು, ಬಿಇ ಮಾಡಿದವರೂ ಸೇರಿ. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಕೂರಬೇಕಾದರೆ ವಿಜ್ಞಾನ ಅಥವಾ ಇಂಜಿನಿಯರಿಂಗ್ ಡಿಗ್ರಿಯೇ ಬೇಕು. ಬ್ರಾಂಚ್ ಬದಲಾಯಿಸಿದರೆ ಓದಿದ್ದೆಲ್ಲ ನೀರುಪಾಲು ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ, ಐದು, ಆರು, ಏಳರ ಆ ಲೆಕ್ಕವನ್ನ ಅವರಿಗೆ ಮಾಡಿ ತೋರಿಸಿ.